ಪಂಜರದಾಗ ನಿಂತು ಶಾರ್ಕ್ ಫೋಟೊ ತೆಗೆಯೋದು ಹ್ಯಾಂಗ?

ಹಿಂದ ಸರ್ಕಸ್ಸಿನಾಗ ಸಿಂಹ ಪಂಜರದೊಳಗ ಇರ್ತಿತ್ತು, ನಾವು ಹೊರಗ. ಶಾರ್ಕ್ ಮೀನಿನ ಫೋಟೊ ತೆಗೆಯುವಾಗ ಉಲ್ಟಾ, ಮನುಷ್ಯನೇ ಪಂಜರದಾಗ! ಆಸ್ಟ್ರೇಲಿಯಾದ ರಾಡ್ನಿ ಫಾಕ್ಸ್ ಎಂಬುವರನ್ನು 1963ರಲ್ಲಿ ಬಿಳಿ ಶಾರ್ಕ್ ಕಚ್ಚಿತ್ತು. ಬದುಕಿ ಉಳಿದ ಅವರೇ ಮುಂದೆ ಇಂಥ ಪಂಜರ ಮಾಡಿಸಿದರು.

ದೂರದ್ದನ್ನು ಹತ್ತಿರ ತೋರಿಸುವ ಉದ್ದ ಲೆನ್ಸ್ ಒಯ್ಯಬೇಕು ಅನ್ನಿಸ್ತದ. ಅದು ಅಲ್ಲಿ ನಡೆಯಂಗಿಲ್ಲ. ಸಮುದ್ರದ ನೀರಿನಲ್ಲಿ ಸಣ್ಣ ಕಣಗಳು ತೇಲುತ್ತಿರುತ್ತವೆ. ನಡುವೆ ನೀರು ಹೆಚ್ಚಿದಷ್ಟೂ ಚಿತ್ರ ಮಸುಕು. ಕೃಷ್ಣಾ ಹೊಳಿಗೆ ಹೊಸ ನೀರು ಬಂದಾಗ ಕೊಡದ ತಳ ಕಾಣಂಗಿಲ್ಲಲ್ಲ, ಹಂಗ. ಅದಕ್ಕೆ ಅಗಲ ನೋಟದ ಲೆನ್ಸ್ ಹಾಕಿ, ಶಾರ್ಕ್ ಹತ್ತಿರ ಬರುವತನಕ ಕಾಯಬೇಕು.

ಫ್ಲಾಶ್ ಲೆನ್ಸಿನ ಮಗ್ಗಲೇ ಇದ್ದರೆ ಆ ಕಣಗಳೇ ಹೊಳೆದು, ಫೋಟೊ ತುಂಬ ಜೋಳದ ನುಚ್ಚು ಚೆಲ್ಲಿದಂಗ ಕಾಣ್ತದ. ದೂರ ಚಾಚಿ ಹಿಡಿದರೆ ಸರಳಿಗೆ ಸಿಕ್ಕಿಕೊಳ್ತದ. ಪಂಜರ ನೀರಿನ ಮೇಲ್ಭಾಗದಲ್ಲೇ ತೇಲುತ್ತಿದ್ದರೆ ಬಿಸಿಲಿನ ಬೆಳಕೇ ಸಾಕು. ಆದರೆ ನೀರು ಮೊದಲು ಕೆಂಪು ಬಣ್ಣ ನುಂಗ್ತದ, ಹಿಂಗಾಗಿ ಫೋಟೊ ನೀಲಿ ಬರ್ತದ.

ಕ್ಯಾಮೆರಾಕ್ಕಿಂತ ಮುಖ್ಯ ಅದನ್ನು ಇಡುವ, ನೀರು ಹೊಗದ ಡಬ್ಬಿ. ಅದರ ಮುಚ್ಚಳಕ್ಕೆ ಕುಕ್ಕರಿಗೆ ಇದ್ದಂಗ ರಬ್ಬರ್ ಬಳೆ ಇರ್ತದ. ಆ ಬಳೆ ಮ್ಯಾಲ ಒಂದು ಕೂದಲು ಕುಂತರೂ ಉಪ್ಪುನೀರು ಒಳಗ ಬಂದು ಕ್ಯಾಮೆರಾ ಕೆಡ್ತದ. 10 ಮೀಟರ್ ಇಳಿದರೆ ಒತ್ತಡ ಎರಡು ಪಟ್ಟು ಆಗ್ತದ ನೋಡ್ರಿ. ಖಾಲಿ ಡಬ್ಬಿಯನ್ನೇ ಮೊದಲು ನೀರಿನಲ್ಲಿ ಮುಳುಗಿಸಿ ಪರೀಕ್ಷೆ ಮಾಡಬೇಕು. ನನ್ನ ಕೇಳಿದ್ರ, ಹೆಚ್ಚು ರೊಕ್ಕ ಡಬ್ಬಿಗೇ ಹಾಕಬೇಕು.

ನಮ್ಮ ರಾಜ್ಯದಾಗ ಮುರ್ಡೇಶ್ವರದ ಹತ್ರ ನೇತ್ರಾಣಿ ದ್ವೀಪದ ಸುತ್ತ ಜನ ಪಂಜರವಿಲ್ಲದೇ ಮುಳುಗಿ ಮೀನು ನೋಡ್ತಾರ. ಎಲ್ಲಾ ಶಾರ್ಕ್ ಮನುಷ್ಯರನ್ನ ಕಚ್ಚಂಗಿಲ್ಲ. ತಿಮಿಂಗಿಲ ಶಾರ್ಕ್ ಬಸ್ಸಿನಷ್ಟು ಉದ್ದ ಇದ್ದರೂ ತಿನ್ನೋದು ನೀರಿನಾಗ ತೇಲುವ ಸಣ್ಣ ಜೀವಿಗಳನ್ನ.