ಊರು ಉಳಿಸಿದ್ರೂ ಬೈಗುಳ ತಪ್ಪಲಿಲ್ಲ: ನಗಿಸೋ ಸೂಪರ್ ಹೀರೋಗಳು ಇನ್ನೂ ಯಾಕೆ ನೆನಪಾಗ್ತಾರೆ?

ಶಾಲೆಯಿಂದ ಬಂದವರೇ ಬ್ಯಾಗ್ ಮೂಲೆಗೆ ಎಸೆದು, ಯೂನಿಫಾರ್ಮ್ ಕೂಡ ಬಿಚ್ಚದೆ ಟಿವಿ ಮುಂದೆ ಕೂರ್ತಿದ್ದ ದಿನಗಳು ನೆನಪಿದ್ಯಾ? ಕರೆಂಟ್ ಇದ್ರೆ ಅದೃಷ್ಟ. ನಮ್ಮ ಮನೇಲಿ ಕೇಬಲ್ ಇಲ್ದಿದ್ರೆ ಪಕ್ಕದ ಮನೆಯ ಚಾಪೆಯೇ ಗತಿ. 1995ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಭಾರತಕ್ಕೆ ಕಾಲಿಟ್ಟ ಮೇಲೆ ಬೆಳೆದ ಮಕ್ಕಳಿಗೆ ಇದು ಮಾಮೂಲಿ ಸಂಜೆ. ಆ ಮಕ್ಕಳೇ ಈಗ ಅಪ್ಪ-ಅಮ್ಮ ಆಗಿದ್ದಾರೆ. ಮಗು ಮೊಬೈಲ್ ಹಿಡಿದು ಕೂತಾಗ "ನಮ್ಮ ಕಾಲದ ಕಾರ್ಟೂನೇ ಬೇರೆ ಕಣೋ" ಅಂತಾರೆ.

ನಿಜವಾಗ್ಲೂ ಬೇರೆ ಇತ್ತಾ? ಅಥವಾ ನಮಗೆ ಬಾಲ್ಯ ಮಾತ್ರ ನೆನಪಾಗ್ತಿದ್ಯಾ? ನಗಿಸುವ ಸೂಪರ್ ಹೀರೋಗಳನ್ನೇ ತಗೊಂಡು ನೋಡೋಣ.

ಹೀರೋನಷ್ಟೇ ಹಳೇದು ಈ ನಗು

ಸೂಪರ್‌ಮ್ಯಾನ್ ಅಮೆರಿಕದ ಕಾಮಿಕ್ಸ್‌ನಲ್ಲಿ ಬಂದಿದ್ದು 1938ರಲ್ಲಿ. ನಾಲ್ಕೇ ವರ್ಷಕ್ಕೆ, ಅಂದ್ರೆ 1942ರಲ್ಲಿ, ಅವನನ್ನು ಅಣಕಿಸುವಂತೆ ಇಲಿಯೊಂದು ಹಾರಿ ಬಂತು. ಅದೇ ಮುಂದೆ ಮೈಟಿ ಮೌಸ್ ಅಂತ ಹೆಸರಾಯ್ತು. ಬೆಟ್ಟ ಎತ್ತುವವನನ್ನು ಕಂಡು ಬೆರಗಾದ ಜನ, ಅವನನ್ನು ನೋಡಿ ನಗೋದನ್ನೂ ಬೇಗ ಕಲಿತರು.

1991ರಲ್ಲಿ ಡಿಸ್ನಿ ಸಂಸ್ಥೆ ತಂದ 'ಡಾರ್ಕ್‌ವಿಂಗ್ ಡಕ್' ಇದನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದಿತು. ಇಲ್ಲಿ ಹೀರೋ ಒಂದು ಬಾತುಕೋಳಿ. ಹೊಗೆಯ ನಡುವಿಂದ ಎದ್ದು ಬಂದು ತನ್ನನ್ನು ತಾನೇ ಹಾಡಿ ಹೊಗಳಿಕೊಳ್ಳುತ್ತೆ, ಮರುಕ್ಷಣ ಎಡವಿ ಬೀಳುತ್ತೆ. ಜಂಬ ಬೆಟ್ಟದಷ್ಟು. ಆದರೆ ಮನೆಗೆ ಬಂದ್ರೆ ಅದು ಡ್ರೇಕ್ ಮ್ಯಾಲಾರ್ಡ್ ಅನ್ನೋ ಸಾಮಾನ್ಯ ಅಪ್ಪ. ದತ್ತು ಮಗಳು ಗೋಸಲಿನ್ ಹೇಳಿದ ಮಾತು ಕೇಳೋಳಲ್ಲ. ಕಳ್ಳರನ್ನು ಹಿಡಿಯೋನಿಗೆ ಮಗಳನ್ನು ಹಿಡಿದು ಕೂರಿಸೋಕೆ ಆಗಲ್ಲ!

ಇಂಥ ಪಾತ್ರ ನಮಗೇನೂ ಹೊಸದಲ್ಲ. 1997ರಲ್ಲಿ ದೂರದರ್ಶನದಲ್ಲಿ ಶುರುವಾದ 'ಶಕ್ತಿಮಾನ್' ಕಾರ್ಟೂನ್ ಅಲ್ಲ ನಿಜ. ಆದ್ರೆ ಶಕ್ತಿಮಾನ್ ಗಿರಗಿರ ತಿರುಗಿದಾಗ ಎಷ್ಟು ಖುಷಿಯೋ, ಕನ್ನಡಕ ಹಾಕಿ ಪೆದ್ದುಪೆದ್ದಾಗಿ ಆಡುವ ಗಂಗಾಧರ ಬಂದಾಗಲೂ ಅಷ್ಟೇ ನಗು.

ಮೂರು ಪುಟ್ಟ ಹುಡುಗಿಯರು

ಈ ಸಾಲಿನಲ್ಲಿ ತುಂಬ ಮಂದಿಗೆ ನೆನಪಿರೋದು 'ಪವರ್‌ಪಫ್ ಗರ್ಲ್ಸ್'. ಕ್ರೇಗ್ ಮೆಕ್‌ಕ್ರ್ಯಾಕೆನ್ ಸೃಷ್ಟಿಸಿದ ಈ ಸರಣಿ 1998ರಿಂದ 2005ರವರೆಗೆ ಬಂತು. ಪ್ರೊಫೆಸರ್ ಯುಟೋನಿಯಂ ಸಕ್ಕರೆ, ಮಸಾಲೆ ಎಲ್ಲ ಬೆರೆಸಿ ಮುದ್ದಾದ ಹೆಣ್ಣುಮಕ್ಕಳನ್ನು ಮಾಡೋಕೆ ಹೊರಡ್ತಾರೆ. ಅದರೊಳಗೆ ಕೆಮಿಕಲ್ ಎಕ್ಸ್ ಬಿದ್ದು ಬ್ಲಾಸಮ್, ಬಬಲ್ಸ್, ಬಟರ್‌ಕಪ್ ಹುಟ್ಟುತ್ತಾರೆ. ಹಾರ್ತಾರೆ, ಕಣ್ಣಿಂದ ಕಿರಣ ಬಿಡ್ತಾರೆ, ಕಟ್ಟಡದಷ್ಟು ದೊಡ್ಡ ರಾಕ್ಷಸರನ್ನು ಬಡಿದು ಹಾಕ್ತಾರೆ. ಆದ್ರೆ ಹೋಗೋದು ಶಿಶುವಿಹಾರಕ್ಕೆ!

ಅವರ ಊರು ಟೌನ್ಸ್‌ವಿಲ್‌ನ ಮೇಯರ್ ಅಂತೂ ಉಪ್ಪಿನಕಾಯಿ ಜಾಡಿಯ ಮುಚ್ಚಳ ಬಿಗಿಯಾದ್ರೂ ಇವರಿಗೇ ಫೋನ್ ಮಾಡ್ತಾನೆ.

ಒಂದು ಕಂತು ನೋಡಿ. ಹಲ್ಲು ಬಿದ್ರೆ ನಮ್ಮ ಕಡೆ ಹೆಂಚಿನ ಮೇಲೆ ಎಸೆಯೋದುಂಟು. ಅಲ್ಲಿ ದಿಂಬಿನ ಕೆಳಗಿಟ್ರೆ ರಾತ್ರಿ ಕಿನ್ನರಿ ಬಂದು ದುಡ್ಡು ಇಡ್ತಾಳೆ ಅನ್ನೋ ನಂಬಿಕೆ. ಇದು ಗೊತ್ತಾಗಿದ್ದೇ ತಡ, ಬಟರ್‌ಕಪ್ ಸಿಕ್ಕಸಿಕ್ಕ ಖದೀಮರ ಹಲ್ಲು ಉದುರಿಸಿ ದುಡ್ಡು ಕೂಡಿಡ್ತಾಳೆ. ಕೊನೆಗೆ ಅವಳ ಹಲ್ಲೇ ಉದುರಿ, ಆ ದುಡ್ಡು ದಂತವೈದ್ಯರ ಪಾಲಾಗುತ್ತೆ.

ಇನ್ನೊಂದು ಕಂತಿನಲ್ಲಿ ಊರ ಮೇಲೆ ದಾಳಿ ಮಾಡೋದು ಬ್ರೊಕೋಲಿ, ಅಂದ್ರೆ ಹಸಿರು ಹೂಕೋಸು. ದೊಡ್ಡವರೆಲ್ಲ ಅದರ ವಶ. ಗೆಲ್ಲೋಕೆ ಇರೋದು ಒಂದೇ ದಾರಿ: ತರಕಾರಿ ಕಂಡ್ರೆ ಮೂಗು ಮುರಿಯೋ ಮಕ್ಕಳೇ ಅದನ್ನು ತಿಂದು ಮುಗಿಸಬೇಕು!

ಮತ್ತೊಂದರಲ್ಲಿ ಬಟರ್‌ಕಪ್‌ಗೆ ಬೇಜಾರು. ಅಕ್ಕ-ತಂಗಿಗೆಲ್ಲ ವಿಶೇಷ ಶಕ್ತಿ ಇದೆ, ನನಗ್ಯಾಕಿಲ್ಲ? ಕೊನೆಗೆ ಅವಳಿಗೆ ಸಿಗೋದು ನಾಲಿಗೆ ಮಡಚೋ ವಿದ್ಯೆ. ಅಷ್ಟಕ್ಕೇ ಅವಳು ಖುಷ್.

ಗುಟ್ಟು ಇಲ್ಲಿದೆ

ಈ ಕಥೆಗಳಲ್ಲಿ ಇರೋದೇನು? ಹಲ್ಲು, ಊಟದ ತಟ್ಟೆ, ಒಡಹುಟ್ಟಿದವರ ಹೊಟ್ಟೆಕಿಚ್ಚು. ಮಗುವಿನ ದಿನವೇ ಇದು. ಮನೇಲಿ ಎಲ್ಲರಿಗಿಂತ ಚಿಕ್ಕವರಾಗಿ, ಎಲ್ಲರ ಹತ್ರ ಬೈಸಿಕೊಳ್ಳುವ ಮಗುವಿಗೆ ಎರಡು ಸಮಾಧಾನ ಒಟ್ಟಿಗೆ ಸಿಗ್ತಿತ್ತು. ಒಂದು, ಚಿಕ್ಕವರೂ ಊರು ಉಳಿಸಬಹುದು. ಎರಡು, ಊರು ಉಳಿಸಿದವರೂ ತಪ್ಪು ಮಾಡಿದ್ರೆ ಬೈಸಿಕೊಳ್ತಾರೆ.

ಗಂಭೀರ ಹೀರೋ ನೋಡಿದಾಗ "ಹೀಗಾಗಬೇಕು" ಅನ್ನಿಸುತ್ತೆ. ನಗಿಸೋ ಹೀರೋ ನೋಡಿದಾಗ "ಇವನೂ ನಮ್ಮ ಥರಾನೇ" ಅನ್ನಿಸುತ್ತೆ. ವ್ಯತ್ಯಾಸ ಅಷ್ಟೇ.

ಖಳರೂ ಹಾಗೇ. ಮೋಜೋ ಜೋಜೋ ಮೊದಲು ಪ್ರೊಫೆಸರ್ ಲ್ಯಾಬ್‌ನಲ್ಲಿದ್ದ ಕೋತಿ. ಹುಡುಗಿಯರು ಬಂದ ಮೇಲೆ ಅವನನ್ನು ಕೇಳೋರಿಲ್ಲ. ತಮ್ಮನೋ ತಂಗಿಯೋ ಹುಟ್ಟಿದಾಗ ಮೂಲೆ ಸೇರಿದ ಮಗುವಿಗೆ ಅವನ ಸಿಟ್ಟು ಅರ್ಥ ಆಗದೇ ಇರುತ್ತಾ?

ಹಾಗಾದ್ರೆ ಬರೀ ಬಾಲ್ಯದ ಮೋಹವಾ?

ಸ್ವಲ್ಪ ಮಟ್ಟಿಗೆ ಹೌದು. ಇರೋದು ಒಂದೇ ಟಿವಿ, ಬರೋದು ಒಂದೇ ಹೊತ್ತಿಗೆ, ತಪ್ಪಿದ್ರೆ ತಪ್ಪಿತು. ಕಾದು ನೋಡಿದ್ದಕ್ಕೆ ರುಚಿ ಹೆಚ್ಚು. ಕಾರ್ಟೂನ್‌ಗೇ ಮೀಸಲಾದ ಚಿಂಟು ಟಿವಿ ಕನ್ನಡದಲ್ಲಿ ಬಂದಿದ್ದು 2009ರಲ್ಲಿ. ಅದಕ್ಕೂ ಮೊದಲಿನ ಮಕ್ಕಳು ಇಂಗ್ಲಿಷೋ ಹಿಂದಿಯೋ ಅರ್ಧಂಬರ್ಧ ಅರ್ಥ ಮಾಡ್ಕೊಂಡು, ಉಳಿದದ್ದನ್ನು ಚಿತ್ರದಿಂದಲೇ ಊಹಿಸಿ, ಮಾರನೇ ದಿನ ಶಾಲೇಲಿ ಕನ್ನಡದಲ್ಲಿ ಕಥೆ ಹೇಳ್ತಿದ್ರು. ಹಾಗಾಗಿ ಅರ್ಧ ಕಥೆ ನಾವೇ ಕಟ್ಟಿದ್ದು!

ಆದರೆ ಅದೊಂದೇ ಕಾರಣ ಅಲ್ಲ. 2016ರಲ್ಲಿ ಪವರ್‌ಪಫ್ ಗರ್ಲ್ಸ್ ಹೊಸ ರೂಪದಲ್ಲಿ ಬಂತು. ಹುಡುಗಿಯರು ಅದೇ, ಊರು ಅದೇ. ಆದ್ರೆ ಮೂಲ ಸೃಷ್ಟಿಕರ್ತ ಅದರಲ್ಲಿರಲಿಲ್ಲ, ಮೂವರಿಗೂ ದನಿ ಕೊಟ್ಟವರು ಹೊಸಬರು. ಹಳೇ ಅಭಿಮಾನಿಗಳು ಅನೇಕರಿಗೆ ಅದು ಹಿಡಿಸಲಿಲ್ಲ. ಅಂದ್ರೆ ಹೆಸರು, ಬಣ್ಣ ಇದ್ರೆ ಸಾಲದು, ಹೇಳೋ ರೀತಿಯೂ ಮುಖ್ಯ.

ಇನ್ನು ಇವತ್ತಿನ ಮಕ್ಕಳ ಪಾಡು? ಅವರ ಹೀರೋಗಳನ್ನು ತಳ್ಳಿಹಾಕೋ ಅವಸರ ಬೇಡ. 2008ರಲ್ಲಿ ಶುರುವಾದ ಛೋಟಾ ಭೀಮ್ ಲಾಡು ತಿಂದು ಬಲ ತಗೊಳ್ತಾನೆ. ಅದೂ ಊಟದ ತಟ್ಟೆಯಿಂದಲೇ ಹುಟ್ಟಿದ ನಗು.

ಬದಲಾಗಿರೋದು ನೋಡೋ ರೀತಿ. ನಾವು ಚಾಪೆ ಮೇಲೆ ಐದಾರು ಜನ ಕೂತು ನಗ್ತಿದ್ವಿ. ಮಗು ಈಗ ಮೂಲೇಲಿ ಒಂದೇ ನಗುತ್ತೆ. ಈ ಭಾನುವಾರ ಪಕ್ಕದಲ್ಲಿ ಕೂತು ನಿಮ್ಮ ಕಾಲದ ಒಂದು ಕಂತು ತೋರಿಸಿ. ಆಮೇಲೆ ಅದರ ಇಷ್ಟದ್ದೊಂದು ನೀವೂ ನೋಡಿ. ಇಬ್ಬರೂ ಎಲ್ಲಿ ಒಟ್ಟಿಗೆ ನಕ್ಕಿರಿ ಅಂತ ಗಮನಿಸಿ. "ನಮ್ಮ ಕಾಲವೇ ಚೆಂದವಿತ್ತಾ" ಅನ್ನೋ ಪ್ರಶ್ನೆಗೆ ಉತ್ತರ ಅಲ್ಲೇ ಸಿಗುತ್ತೆ.