ಖಾರ್ತೂಮಿಗೆ ಬಾರದ ನಾಲ್ಕನೇ ತಂಡ

ಇಡೀ ಒಂದು ಖಂಡದ ಚಾಂಪಿಯನ್ ಯಾರೆಂದು ತೀರ್ಮಾನವಾಗಲು ಎರಡೇ ಪಂದ್ಯ ಸಾಕಾದವು. 1957ರ ಫೆಬ್ರವರಿ 10ರಂದು ಒಂದು, 16ರಂದು ಇನ್ನೊಂದು. ಸುಡಾನ್ ರಾಜಧಾನಿ ಖಾರ್ತೂಮಿನಲ್ಲಿ ನಡೆದ ಮೊದಲ ಆಫ್ರಿಕಾ ಕಪ್ ಅಷ್ಟಕ್ಕೇ ಮುಗಿದುಹೋಯಿತು.

ಹೆಚ್ಚು ತಂಡಗಳು ಬರುವುದಾದರೂ ಎಲ್ಲಿಂದ? ಆಫ್ರಿಕಾದ ಬಹುಭಾಗ ಇನ್ನೂ ಯುರೋಪಿನವರ ಕೈಯಲ್ಲಿತ್ತು. ಆತಿಥೇಯ ಸುಡಾನಿಗೇ ಸ್ವಾತಂತ್ರ್ಯ ಬಂದು ವರ್ಷವಷ್ಟೇ ಕಳೆದಿತ್ತು. ಘಾನಾ ಸ್ವತಂತ್ರವಾದದ್ದು ಮುಂದಿನ ತಿಂಗಳು. ಆಫ್ರಿಕಾಕ್ಕೆ ತನ್ನದೇ ಫುಟ್‌ಬಾಲ್ ಒಕ್ಕೂಟ ಬೇಕೆಂಬ ಮಾತು 1956ರಲ್ಲಿ ಲಿಸ್ಬನ್ನಿನ ಫಿಫಾ ಸಮ್ಮೇಳನದ ಹೊತ್ತಿಗೆ ಗಟ್ಟಿಯಾಗಿತ್ತು. ಟೂರ್ನಿಗೆ ಎರಡು ದಿನ ಮೊದಲು ಈಜಿಪ್ಟ್, ಸುಡಾನ್, ಇಥಿಯೋಪಿಯಾ ಮತ್ತು ದಕ್ಷಿಣ ಆಫ್ರಿಕಾ ಸೇರಿ ಅದನ್ನು ಕಟ್ಟಿದವು. ಮೊದಲ ಅಧ್ಯಕ್ಷ ಈಜಿಪ್ಟಿನ ಅಬ್ದೆಲ್ ಅಜೀಜ್ ಅಬ್ದಲ್ಲಾ ಸಾಲೆಂ. ಆಗಿನ ಟ್ರೋಫಿಗೂ ಅವರದೇ ಹೆಸರಿತ್ತು.

ಕಟ್ಟಿದವು ನಾಲ್ಕಾದರೂ ಆಡಿದ್ದು ಮೂರು. ವರ್ಣಭೇದವನ್ನೇ ಕಾನೂನು ಮಾಡಿಕೊಂಡಿದ್ದ ದಕ್ಷಿಣ ಆಫ್ರಿಕಾ, ಕಳಿಸಿದರೆ ಬರೀ ಬಿಳಿಯರ ತಂಡ, ಇಲ್ಲವೇ ಬರೀ ಕರಿಯರ ತಂಡ ಕಳಿಸುತ್ತೇವೆ, ಎರಡನ್ನೂ ಬೆರೆಸುವುದಿಲ್ಲ ಎಂದು ಹಟ ಹಿಡಿಯಿತು. ಉಳಿದ ಮೂವರು ಒಪ್ಪಲಿಲ್ಲ. ಆಗಷ್ಟೇ ಕಣ್ಣುಬಿಟ್ಟ ಸಂಸ್ಥೆ, ಸದಸ್ಯರಾದರೋ ನಾಲ್ಕೇ; ಅದರಲ್ಲಿ ಒಬ್ಬರನ್ನು ಕಳೆದುಕೊಳ್ಳುವುದೆಂದರೆ ಸಣ್ಣ ನಷ್ಟವಲ್ಲ. ಆದರೂ ಕಳೆದುಕೊಂಡರು. ದಕ್ಷಿಣ ಆಫ್ರಿಕಾವನ್ನು ಅಮಾನತು ಮಾಡಲು ಫಿಫಾಕ್ಕೆ 1961 ಆಗಬೇಕಾಯಿತು, ಒಲಿಂಪಿಕ್ಸಿನಿಂದ ಅದನ್ನು ಹೊರಗಿಟ್ಟದ್ದು 1964ರಲ್ಲಿ. ಆ ಟೂರ್ನಿಯಲ್ಲಿ ಬಿದ್ದ ಗೋಲುಗಳೆಲ್ಲಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಈ ನಿರ್ಧಾರವೇ.

ಎದುರಾಳಿಯೇ ಇಲ್ಲದೆ ಇಥಿಯೋಪಿಯಾ ನೇರ ಫೈನಲ್ಲಿಗೆ ಹೋಯಿತು. ಇದ್ದೊಂದು ಸೆಮಿಫೈನಲ್ಲಿನಲ್ಲಿ ಈಜಿಪ್ಟಿನ ರಾಫತ್ ಅತ್ತಿಯಾ ಪೆನಾಲ್ಟಿಯಿಂದ ಕಪ್‌ನ ಮೊದಲ ಗೋಲು ಹೊಡೆದರು. ವಿರಾಮದ ನಂತರ ಸುಡಾನ್ ಸಮ ಮಾಡಿಕೊಂಡಿತು. ತವರಿನವರ ಆಸೆಗೆ ತಣ್ಣೀರೆರಚಿದ್ದು ಅದ್-ದಿಬಾ ಎಂದೇ ಹೆಸರಾಗಿದ್ದ ಮೊಹಮದ್ ದಿಯಾಬ್ ಅಲ್-ಅತ್ತಾರ್. ಈಜಿಪ್ಟ್ 2–1. ಫೈನಲ್ಲಂತೂ ಇವರೊಬ್ಬರದೇ ಆಟ: ಈಜಿಪ್ಟ್ 4, ಇಥಿಯೋಪಿಯಾ 0, ನಾಲ್ಕೂ ಅದ್-ದಿಬಾ ಗೋಲುಗಳು. ಇದೇ ಮನುಷ್ಯ ಮುಂದೆ ಸೀಟಿ ಹಿಡಿದು, 1968ರಲ್ಲಿ ಇದೇ ಕಪ್‌ನ ಫೈನಲ್ಲಿಗೆ ರೆಫರಿಯಾದರು!

ಇಥಿಯೋಪಿಯಾ 1962ರಲ್ಲಿ ತನ್ನ ನೆಲದಲ್ಲೇ ಈಜಿಪ್ಟನ್ನು ಮಣಿಸಿ ಕಪ್ ಗೆದ್ದಿತು. ಒಕ್ಕೂಟ ಕಟ್ಟಿದವರಲ್ಲಿ ಒಬ್ಬರಾದ ಆ ದೇಶದ ಯಿಡ್ನೆಕಾಚೆವ್ ತೆಸೆಮಾ 1972ರಿಂದ 1987ರಲ್ಲಿ ತೀರಿಕೊಳ್ಳುವವರೆಗೂ ಅದರ ಅಧ್ಯಕ್ಷರಾಗಿದ್ದರು. ವರ್ಣಭೇದದ ವಿಷಯದಲ್ಲಿ ಎಳ್ಳಷ್ಟೂ ಸಡಿಲ ಬಿಡಲಿಲ್ಲ. ದಕ್ಷಿಣ ಆಫ್ರಿಕಾ ಕಪ್‌ನಲ್ಲಿ ಮೊದಲ ಬಾರಿ ಆಡಿದ್ದು 1996ರಲ್ಲಿ, ಜೊಹಾನ್ಸ್‌ಬರ್ಗಿನ ತವರು ಜನರ ಮುಂದೆ. ಫೈನಲ್ಲಿನಲ್ಲಿ ಟುನೀಶಿಯಾವನ್ನು 2–0ರಿಂದ ಸೋಲಿಸಿ ಗೆದ್ದೂಬಿಟ್ಟಿತು. ನಾಯಕ ನೀಲ್ ಟೋವಿ ಬಿಳಿಯ. ಎರಡೂ ಗೋಲು ಹೊಡೆದ ಮಾರ್ಕ್ ವಿಲಿಯಮ್ಸ್ ಅಲ್ಲ.