ಕೊಳ್ಳೇಗಾಲದ ದಂಡೆ, ಕೋಲಾರದ ಗಣಿ

ಕೊಳ್ಳೇಗಾಲದಿಂದ ಮಳವಳ್ಳಿ ರಸ್ತೆ ಹಿಡಿದು ಸತ್ತೇಗಾಲದ ಹ್ಯಾಂಡ್‌ಪೋಸ್ಟ್ ಹತ್ತಿರ ತಿರುಗಿದರೆ ಶಿವನಸಮುದ್ರ. ಇಲ್ಲಿ ಕಾವೇರಿ ಎರಡು ಕವಲಾಗುತ್ತಾಳೆ. ಪಶ್ಚಿಮದ ಕವಲು ಗಗನಚುಕ್ಕಿಯಾಗಿ ಧುಮುಕಿದರೆ ಪೂರ್ವದ್ದು ಭರಚುಕ್ಕಿ. ನಡುವೆ ಇರುವುದು ಮಧ್ಯರಂಗನ ನಡುಗಡ್ಡೆ. ಶ್ರೀರಂಗಪಟ್ಟಣದ ಆದಿರಂಗನನ್ನೂ ತಮಿಳುನಾಡಿನ ಶ್ರೀರಂಗದ ಅಂತ್ಯರಂಗನನ್ನೂ ನೋಡಲು ಹೊರಟವರು ಇಲ್ಲಿ ಒಂದು ಹೊತ್ತು ನಿಂತೇ ಹೋಗುತ್ತಾರೆ. ಗಗನಚುಕ್ಕಿಯ ಪಕ್ಕದ ದರ್ಗಾಕ್ಕೆ ಬರುವವರೂ ಕಡಿಮೆಯಿಲ್ಲ. ಆದರೆ ಈ ನಡುಗಡ್ಡೆಗೆ ದೇವರು ಮತ್ತು ಜಲಪಾತ ಬಿಟ್ಟು ಮೂರನೆಯದೊಂದು ಕತೆಯಿದೆ. ಅದು ಚಿನ್ನದ ಕತೆ. ಅದನ್ನು ಕೋಲಾರದವರು ತಮ್ಮ ತುದಿಯಿಂದ ಹೇಳುತ್ತಾ ಬಂದಿದ್ದಾರೆ. ಈ ತುದಿಯಿಂದ ಹೇಳಿದವರು ಕಡಿಮೆ.

ಕೊಳ್ಳೇಗಾಲದ ಕಡೆಯಿಂದ ನಡುಗಡ್ಡೆಗೆ ದಾಟುವಾಗ ಹೊಸ ಸೇತುವೆಯ ಪಕ್ಕದಲ್ಲಿ ಹಳೆಯ ವೆಸ್ಲಿ ಸೇತುವೆ ಕಾಣುತ್ತದೆ. ಇದಕ್ಕೆ ಕಮಾನುಗಳಿಲ್ಲ. ಹೊಳೆಯ ಬಂಡೆಯ ಮೇಲೆ ಕೆತ್ತಿದ ಕಲ್ಲುಕಂಬಗಳನ್ನು ಸಾಲುಸಾಲಾಗಿ ನಿಲ್ಲಿಸಿ, ತಲೆಯ ಮೇಲೆ ಕಲ್ಲಿನ ತೊಲೆ ಇಟ್ಟು, ಅದರ ಮೇಲೆ ಚಪ್ಪಡಿ ಹಾಸಿದ್ದಾರೆ. ದೇವಸ್ಥಾನದ ಮಂಟಪವನ್ನೇ ನದಿಗೆ ಅಡ್ಡಲಾಗಿ ಉದ್ದಕ್ಕೆ ಎಳೆದಂತಿದೆ. ಹತ್ತೊಂಬತ್ತನೇ ಶತಮಾನದ ಮೊದಲ ಭಾಗದಲ್ಲಿ ಇದನ್ನು ಕಟ್ಟಿಸಿದವರು ಮೈಸೂರು ರೆಸಿಡೆಂಟರ ಕೈಕೆಳಗಿದ್ದ ರಾಮಸ್ವಾಮಿ ಮುದಲಿಯಾರ್. ಅದಕ್ಕಾಗಿ ಅವರಿಗೆ ಜಹಗೀರಿನ ಜೊತೆಗೆ ‘ಜನೋಪಕಾರ ಕಾಮಕರ್ತ’ ಎಂಬ ಬಿರುದೂ ಸಿಕ್ಕಿತು. ಕಟ್ಟಿದವರ ಹೆಸರು ಬಿಟ್ಟು ಬ್ರಿಟಿಷ್ ದೊರೆಯ ಹೆಸರು ಸೇತುವೆಗೆ ಅಂಟಿತು. ವೆಲ್ಲೆಸ್ಲಿ ಜನರ ಬಾಯಲ್ಲಿ ವೆಸ್ಲಿಯಾದ. 2018ರ ಪ್ರವಾಹದಲ್ಲಿ ಸೇತುವೆಯ ಒಂದು ಭಾಗ ಕುಸಿದಾಗ ಸುತ್ತಲಿನ ಊರುಗಳವರು ಬಂದು ನೋಡಿಕೊಂಡು ಹೋದರು.

ಸೇತುವೆ ಕಟ್ಟಿದ ಕಾಲದಲ್ಲಿ ಈ ನಡುಗಡ್ಡೆ ಮೈಸೂರಿನದಲ್ಲ. ಕೊಳ್ಳೇಗಾಲ ತಾಲ್ಲೂಕು ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಇಂದಿನ ಹನೂರು ತಾಲ್ಲೂಕೂ ಅದರೊಳಗೇ ಇತ್ತು. ಪಕ್ಕದ ಯಳಂದೂರು ಮಾತ್ರ ಮೈಸೂರು ಸಂಸ್ಥಾನದ್ದು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಕೊಟ್ಟ ಊರು ಅದು. ಹೀಗಾಗಿ ಯಳಂದೂರಿನ ರೈತ ಕೊಳ್ಳೇಗಾಲದ ಸಂತೆಗೆ ಬಂದರೆ ಗಡಿ ದಾಟಿ ಬ್ರಿಟಿಷ್ ಸೀಮೆಗೆ ಬಂದಂತೆ. ಶಿವನಸಮುದ್ರದಲ್ಲಂತೂ ಹೊಳೆಯ ಎಡದಂಡೆ ಮಹಾರಾಜರದ್ದು, ಬಲದಂಡೆ ಮದ್ರಾಸ್ ಸರ್ಕಾರದ್ದು. ಗಡಿಯಲ್ಲಿ ಹರಿಯುವ ನೀರು ಯಾರದು ಎನ್ನುವ ಜಗಳಕ್ಕೆ ಅಂದೇ ಹಾಸು ಬಿದ್ದಿತ್ತು.

ಇತ್ತ ಕೋಲಾರದ ಒಣಸೀಮೆಯಲ್ಲಿ 1880ರ ದಶಕದಿಂದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಚಿನ್ನ ತೆಗೆಯುತ್ತಿತ್ತು. ಗಣಿ ಆಳವಾದಷ್ಟೂ ಅದಿರು ಮೇಲೆತ್ತಲು, ನೀರು ಹೊರಹಾಕಲು, ಕಲ್ಲು ಕುಟ್ಟಲು ಹೆಚ್ಚೆಚ್ಚು ಶಕ್ತಿ ಬೇಕು. ಅದಿರು ಕುಟ್ಟುವ ಒನಕೆಗಳನ್ನೂ ಎತ್ತುವ ಯಂತ್ರಗಳನ್ನೂ ಹಬೆಯೇ ಓಡಿಸಬೇಕಿತ್ತು. ಹಬೆಗೆ ಕಲ್ಲಿದ್ದಲು ದೂರದಿಂದ ಬರಬೇಕು, ಸೌದೆಗೆ ಸುತ್ತಲ ಗುಡ್ಡ ಬೋಳಾಗಬೇಕು. ಕೋಲಾರಕ್ಕೆ ವರ್ಷವಿಡೀ ಹರಿಯುವ ಹೊಳೆಯೂ ಇಲ್ಲ. ಕುಡಿಯುವ ನೀರಿಗೇ ಪಾಲಾರ್‌ನ ಬೇತಮಂಗಲ ಕೆರೆಯನ್ನು ನೆಚ್ಚಿಕೊಂಡ ಊರು ಕೆ.ಜಿ.ಎಫ್., ಅಂದರೆ ಕೋಲಾರ ಗೋಲ್ಡ್ ಫೀಲ್ಡ್ಸ್.

ದಿವಾನ್ ಕೆ. ಶೇಷಾದ್ರಿ ಅಯ್ಯರ್ ಮತ್ತು ಎಂಜಿನಿಯರ್ ಕ್ಯಾಪ್ಟನ್ ಜೋಲಿ ಡಿ ಲಾಟ್‌ಬಿನಿಯರ್ ಈ ಎರಡು ಊರುಗಳನ್ನು ತಂತಿಯಲ್ಲಿ ಜೋಡಿಸುವ ಲೆಕ್ಕ ಹಾಕಿದರು. ಗಗನಚುಕ್ಕಿಯ ಮೇಲಿನಿಂದ ಕಾಲುವೆಯಲ್ಲಿ ನೀರು ತಿರುಗಿಸಿ, ಸುಮಾರು 400 ಅಡಿ ಇಳಿಜಾರಿನ ಕೊಳವೆಗಳಲ್ಲಿ ಕೆಳಕ್ಕೆ ಬಿಟ್ಟು, ತಲಾ 720 ಕಿಲೋವ್ಯಾಟ್‌ನ ಆರು ಯಂತ್ರಗಳನ್ನು ತಿರುಗಿಸುವುದು. ಅಲ್ಲಿಂದ 92 ಮೈಲಿ, ಅಂದರೆ ಸುಮಾರು 148 ಕಿಲೋಮೀಟರ್ ತಂತಿ ಎಳೆದು ಗಣಿಗೆ ಮುಟ್ಟಿಸುವುದು. ಟರ್ಬೈನು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯದು, ವಿದ್ಯುತ್ ಯಂತ್ರ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನದು. 1902ರ ಜೂನ್ 30ರಂದು ಕೋಲಾರಕ್ಕೆ ಕರೆಂಟು ಹರಿಯಿತು. ಅಷ್ಟು ದೂರ ಕರೆಂಟು ಒಯ್ದ ತಂತಿ ಅಂದಿನ ಲೋಕಕ್ಕೇ ಸೋಜಿಗ. ಶಿವನಸಮುದ್ರವೇ ಏಷ್ಯಾದ ಮೊದಲ ಜಲವಿದ್ಯುತ್ ಕೇಂದ್ರ ಎಂದು ನಮ್ಮವರು ಹೇಳುವುದುಂಟು. ಅದು ನಿಜವಲ್ಲ, 1897ರಲ್ಲೇ ಡಾರ್ಜಿಲಿಂಗ್‌ನ ಸಿದ್ರಾಪೊಂಗ್‌ನಲ್ಲಿ ಪುಟ್ಟ ಕೇಂದ್ರವೊಂದು ಶುರುವಾಗಿತ್ತು. ಶಿವನಸಮುದ್ರದ ಹಿರಿಮೆಗೆ ಆ ಸುಳ್ಳಿನ ಆಸರೆ ಬೇಕಾಗಿಯೂ ಇಲ್ಲ. ಮೊದಲು ಗಣಿ ಬೆಳಗಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಮೂರು ವರ್ಷ ಕಳೆದು, 1905ರ ಆಗಸ್ಟ್‌ನಲ್ಲಿ.

ಇದೇ ಹೊತ್ತಿಗೆ ಆಸ್ಟ್ರೇಲಿಯಾದ ಮರುಭೂಮಿಯಂಚಿನಲ್ಲಿ ಕಾಲ್ಗೂರ್ಲಿ ಎಂಬ ಚಿನ್ನದ ಊರು ನೀರಿಲ್ಲದೆ ಒದ್ದಾಡುತ್ತಿತ್ತು. ಅಲ್ಲಿಯ ಎಂಜಿನಿಯರ್ ಸಿ.ವೈ. ಓ’ಕಾನರ್ ಸಮುದ್ರತೀರದ ಪರ್ತ್ ಪಕ್ಕದ ಜಲಾಶಯದಿಂದ 530 ಕಿಲೋಮೀಟರ್ ಕೊಳವೆ ಹಾಕಿಸಿದರು. 1903ರ ಜನವರಿಯಲ್ಲಿ ನೀರು ಮುಟ್ಟಿತು. ಅಲ್ಲಿ ನೀರನ್ನೇ ಹೊತ್ತು ತಂದರು, ಇಲ್ಲಿ ನೀರಿನ ಬಲವನ್ನು ಮಾತ್ರ. ಎರಡೂ ಕಡೆ ಯೋಜನೆ ಕಂಡವರು ಫಲ ಕಾಣಲಿಲ್ಲ. ಶೇಷಾದ್ರಿ ಅಯ್ಯರ್ 1901ರ ಸೆಪ್ಟೆಂಬರ್‌ನಲ್ಲಿ, ಓ’ಕಾನರ್ 1902ರ ಮಾರ್ಚ್‌ನಲ್ಲಿ ತೀರಿಕೊಂಡರು.

ಗಣಿಗೆ ಬೇಸಿಗೆ, ಮಳೆಗಾಲ ಎಂಬ ಭೇದವಿಲ್ಲ, ಹೊಳೆಗೆ ಇದೆ. ಮಾರ್ಚ್ ದಾಟಿದರೆ ಕಾವೇರಿ ಸೊರಗುತ್ತಿದ್ದಳು. ಕನ್ನಂಬಾಡಿಯಲ್ಲಿ ಅಣೆಕಟ್ಟು ಬೇಕೆಂದು ವಿಶ್ವೇಶ್ವರಯ್ಯನವರು ವಾದಿಸಿದಾಗ ಮಂಡ್ಯದ ಗದ್ದೆಯ ಜೊತೆಗೆ ಶಿವನಸಮುದ್ರದ ಟರ್ಬೈನೂ ಅವರ ಲೆಕ್ಕದಲ್ಲಿತ್ತು. ಬೇಸಿಗೆಯಲ್ಲೂ ಗಣಿಗೆ ಎಡಬಿಡದೆ ಕರೆಂಟು ಕೊಟ್ಟರೆ ಖಜಾನೆಗೆ ಹಣ. 1911ರಲ್ಲಿ ಕೆಲಸ ಶುರುವಾಯಿತು, ಮದ್ರಾಸ್ ತಕರಾರು ತೆಗೆಯಿತು, 1924ರ ಒಪ್ಪಂದದವರೆಗೆ ಹಗ್ಗಜಗ್ಗಾಟ ನಡೆಯಿತು. ಇಂದು ಕಾವೇರಿ ವಿವಾದದ ಬಗ್ಗೆ ಮಾತಾಡುವಾಗ ಕಬ್ಬು, ಭತ್ತ, ಕುಡಿಯುವ ನೀರು ಎಲ್ಲ ಬರುತ್ತದೆ. ಆರಂಭದಲ್ಲಿ ಚಿನ್ನವೂ ಒಂದು ಕಕ್ಷಿಯಾಗಿತ್ತು ಎಂಬುದು ಬರುವುದಿಲ್ಲ.

ಇನ್ನು ತಂತಿಯ ಆ ತುದಿ. ಸುಮಾರು 120 ವರ್ಷಗಳಲ್ಲಿ ಕೋಲಾರದಲ್ಲಿ 5 ಕೋಟಿ ಟನ್ನಿಗೂ ಹೆಚ್ಚು ಅದಿರು ಅರೆದು ತೆಗೆದ ಚಿನ್ನ ಸುಮಾರು 800 ಟನ್. ಚಾಂಪಿಯನ್ ರೀಫ್ ಗಣಿ 3.2 ಕಿಲೋಮೀಟರ್ ಆಳಕ್ಕೆ ಇಳಿಯಿತು. 1956ರಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿದ ವರ್ಷವೇ ಗಣಿಗಳೂ ರಾಜ್ಯ ಸರ್ಕಾರದ ಕೈಗೆ ಬಂದವು. 2001ರ ಫೆಬ್ರುವರಿ 28ರಂದು ಮುಚ್ಚಿದವು. ಚಿನ್ನ ಎಲ್ಲೆಲ್ಲಿಗೋ ಹೋಯಿತು, ಅರೆದ ಕಲ್ಲಿನ ಹಿಟ್ಟು ಅಲ್ಲೇ ಉಳಿಯಿತು. ಅಲ್ಲಿಯವರ ಬಾಯಲ್ಲಿ ಅದು ‘ಸೈನೈಡ್ ಗುಡ್ಡ’. ಯಶ್ ನಟಿಸಿದ ‘ಕೆ.ಜಿ.ಎಫ್’ ಸಿನಿಮಾ ನೋಡಿದವರಿಗೆ ಆ ಬೂದುಬಣ್ಣ ನೆನಪಿರುತ್ತದೆ. ಪರದೆಯ ಮೇಲೆ ಅದು ಚೆನ್ನಾಗಿಯೇ ಕಾಣುತ್ತದೆ.

ಗುಡ್ಡದೊಳಗೆ ನಡೆಯುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅದಿರನ್ನು ನುಣ್ಣಗೆ ಅರೆದು, ಸುಣ್ಣ ಬೆರೆಸಿ, ತೆಳುವಾದ ಸೈನೈಡ್ ನೀರಿನಲ್ಲಿ ಕಲಕಿದರೆ ಗಾಳಿಯ ಆಮ್ಲಜನಕದ ನೆರವಿನಿಂದ ಚಿನ್ನ ಕರಗುತ್ತದೆ. ಸತುವಿನ ಪುಡಿ ಹಾಕಿದರೆ ಮತ್ತೆ ಗಟ್ಟಿಯಾಗಿ ಹೊರಬರುತ್ತದೆ. ಉಳಿದ ಕೆಸರನ್ನು ಬಯಲಿಗೆ ಸುರಿಯುತ್ತಾರೆ. ಜನ ಹೆದರುವುದು ಸೈನೈಡಿನ ಹೆಸರಿಗೆ. ನಿಜಕ್ಕೂ ಅದರಲ್ಲಿ ಬಹುಪಾಲು ಬಿಸಿಲಿಗೂ ಗಾಳಿಗೂ ಕಾಲಕ್ರಮೇಣ ಒಡೆದುಹೋಗುತ್ತದೆ, ಕಬ್ಬಿಣಕ್ಕೆ ಅಂಟಿಕೊಂಡದ್ದು ಮಾತ್ರ ಬಹುಕಾಲ ಉಳಿಯುತ್ತದೆ. ಒಡೆಯದೆ ಉಳಿಯುವವು ಲೋಹಗಳು. ಚಿನ್ನದ ಜೊತೆ ಬಂಡೆಯಲ್ಲಿ ಗಂಧಕ ಸೇರಿದ ಖನಿಜಗಳಿರುತ್ತವೆ. ಕೆಲವು ಪದರಗಳಲ್ಲಿ ಆರ್ಸೆನಿಕ್ ಕೂಡ. ಭೂಮಿಯಾಳದಲ್ಲಿ ಗಾಳಿ ತಾಗದೆ ಕೋಟ್ಯಂತರ ವರ್ಷ ಸುಮ್ಮನಿದ್ದವು ಹಿಟ್ಟಾಗಿ ಹೊರಬಂದ ಕೂಡಲೇ ಆಮ್ಲ ಉಗುಳತೊಡಗುತ್ತವೆ.

ಮಲೆನಾಡಿನಲ್ಲಾದರೆ ಮಳೆ ಅದನ್ನು ತೊಳೆದು ಹೊಳೆಗೆ ಸೇರಿಸುತ್ತದೆ, ವಿಷ ದೂರಕ್ಕೆ ಹೋಗಿ ತೆಳುವಾಗುತ್ತದೆ. ಒಣಸೀಮೆಯಲ್ಲಿ ಹಾಗಲ್ಲ. ಅಲ್ಲಿ ಬೀಳುವ ಮಳೆಗಿಂತ ಬಿಸಿಲು ಹೀರುವ ನೀರು ಹೆಚ್ಚು. ಗುಡ್ಡದೊಳಗಿನ ತೇವ ಮೇಲಕ್ಕೇರಿ ಆವಿಯಾಗುತ್ತದೆ, ಹೊತ್ತು ತಂದ ಉಪ್ಪನ್ನು ಮೇಲೆ ಬಿಡುತ್ತದೆ. ಕೊಳ್ಳೇಗಾಲದ ಗದ್ದೆ ಬಯಲಿನ ರೈತರಿಗೆ ಇದು ಹೊಸ ಪಾಠವಲ್ಲ, ಅವರ ಚೌಳು ನೆಲದಲ್ಲಿ ಬೇಸಿಗೆಗೆ ಬಿಳಿ ಹೊಟ್ಟು ಎದ್ದು ಬರುವುದೂ ಇದೇ ರೀತಿಯಲ್ಲಿ. ಸೈನೈಡ್ ಗುಡ್ಡದ ಮೇಲೆ ಏಳುವ ಹಕ್ಕಳೆಯಲ್ಲಿ ಗಣಿಯ ಲೋಹಗಳೂ ಸೇರಿರುತ್ತವೆ ಅಷ್ಟೆ. ಬೇಸಿಗೆಯಲ್ಲಿ ಅದು ದೂಳಾಗಿ ಮನೆಗಳಿಗೆ ನುಗ್ಗುತ್ತದೆ. ಮುಂಗಾರಿನ ಮೊದಲ ಹದಮಳೆಗೆ ತಿಂಗಳುಗಟ್ಟಲೆ ಕೂಡಿಟ್ಟದ್ದೆಲ್ಲ ಒಮ್ಮೆಲೇ ಕರಗಿ ಹಳ್ಳ, ಕೆರೆಗೆ ಇಳಿಯುತ್ತದೆ. ಮರುಭೂಮಿಯ ಗಣಿಗಳಲ್ಲೂ ಕಾಣುವುದು ಇದೇ ಗುಣ: ವರ್ಷವಿಡೀ ಏನೂ ಇಲ್ಲದಂತಿದ್ದು ಒಂದೇ ಮಳೆಗೆ ಎಲ್ಲ ಬಯಲಿಗೆ ಬರುವುದು.

ಚಿನ್ನದ ಕಲ್ಲಿನ ವಿಷ ನೀರಿಗೆ ಸೇರುವುದು ಊಹೆಯಲ್ಲ ಎನ್ನಲು ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾ ಸಾಕು. ಮಂಗಳೂರು ಎಂಬ ಹಳ್ಳಿಯ ಸುತ್ತಲಿನ ಹಳೆಯ ಚಿನ್ನದ ಗಣಿ ಸೀಮೆಯದು. ಅಲ್ಲಿಯ ಬೋರ್‌ವೆಲ್ ನೀರಿನಲ್ಲಿ ಆರ್ಸೆನಿಕ್ ಸುರಕ್ಷಿತ ಮಿತಿಯಾದ ಲೀಟರಿಗೆ 10 ಮೈಕ್ರೋಗ್ರಾಂ ಅನ್ನು ಎಷ್ಟೋ ಪಾಲು ಮೀರಿತ್ತು. ಅಂಗೈ ಅಂಗಾಲು ಗಂಟುಗಟ್ಟಿದ, ಚರ್ಮದ ಮೇಲೆ ಕಲೆ ಎದ್ದ ಜನರನ್ನು ನೋಡಿದ ಮೇಲೆ ನೀರನ್ನು ಪರೀಕ್ಷಿಸಿದರು. ನೀರು ನೋಡಿದ ಮೇಲೆ ಕಲ್ಲಿನತ್ತ ತಿರುಗಿದರು. ಪರೀಕ್ಷೆಯ ಸರದಿ ತಲೆಕೆಳಗಾಗಿತ್ತು.

ಹನೂರಿಗೆ ಬನ್ನಿ. ಶಿವನಸಮುದ್ರದಲ್ಲಿ ಧುಮುಕಿದ ಕಾವೇರಿ ಇದೇ ತಾಲ್ಲೂಕಿನ ಕಾಡಂಚಿನ ಕಮರಿಯಲ್ಲಿ ಮೇಕೆದಾಟು, ಹೊಗೇನಕಲ್ ಕಡೆಗೆ ಹೋಗುತ್ತಾಳೆ. ಹೊಳೆ ತಗ್ಗಿನಲ್ಲಿ, ಹೊಲ ಎತ್ತರದಲ್ಲಿ. ರಾಗಿ, ಮುಸುಕಿನ ಜೋಳಕ್ಕೆ ಮಳೆಯೇ ಗತಿ. 148 ಕಿಲೋಮೀಟರ್ ಆಚೆಯ ಗಣಿಗೆ ಈ ಹೊಳೆ ಆಸರೆಯಾದದ್ದು 1902ರಲ್ಲಿ. ಪಕ್ಕದ ಹನೂರಿನ ಹೊಲ ಇನ್ನೂ ಮುಗಿಲು ನೋಡುತ್ತಿದೆ. ದುಡಿಮೆಗೆ ಇಲ್ಲಿಯವರೂ ಕಲ್ಲಿನ ಬಳಿಗೇ ಹೋದರು. ಚಾಮರಾಜನಗರ ಜಿಲ್ಲೆಯ ಕರಿಕಲ್ಲಿಗೆ ಹೊರದೇಶದಲ್ಲಿ ಸಮಾಧಿಗೆ ಹಾಕುವ ಕಲ್ಲೆಂದು ಬೇಡಿಕೆ. ಬಿಳಿಗಿರಿರಂಗನ ಬೆಟ್ಟದ ಬಂಡೆ ಚಾರ್ನೊಕೈಟ್. ವಿಚಿತ್ರವೆಂದರೆ ಆ ಜಾತಿಯ ಬಂಡೆಗೆ ಹೆಸರು ಬಂದದ್ದೂ ಒಂದು ಸಮಾಧಿಯಿಂದ, ಕೋಲ್ಕತ್ತದ ಜಾಬ್ ಚಾರ್ನಾಕ್‌ನ ಗೋರಿಕಲ್ಲಿನಿಂದ. ಕರಿಕಲ್ಲಿನ ಕ್ವಾರಿ ಬಿಟ್ಟುಹೋಗುವ ಗುಂಡಿ, ಒಡಕು ಕಲ್ಲಿನ ರಾಶಿ ಕಣ್ಣಿಗೆ ಕೆಟ್ಟದ್ದು, ದೂಳು ಎದೆಗೆ ಕೆಟ್ಟದ್ದು, ಗುಂಡಿಯ ನೀರಿಗೆ ಮಕ್ಕಳು ಇಳಿದರಂತೂ ಕತೆ ಮುಗಿಯಿತು. ಆದರೂ ಆಮ್ಲವಾಗುವ ಗಂಧಕ ಈ ಕಲ್ಲಿನಲ್ಲಿ ತೀರ ಕಡಿಮೆ, ತೆಗೆಯಲು ರಾಸಾಯನಿಕವೂ ಬೇಡ. ಕಲ್ಲು ತೆಗೆದ ಊರುಗಳೆಲ್ಲ ಒಂದೇ ಎಂದು ಹೇಳುವ ಮೊದಲು ಯಾವ ಕಲ್ಲು ಎಂದು ಕೇಳಬೇಕಾಗುತ್ತದೆ.

2024ರ ಜೂನ್‌ನಲ್ಲಿ ಕೆ.ಜಿ.ಎಫ್.ನ 13 ಗುಡ್ಡಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಸಾವಿರ ಎಕರೆಯಲ್ಲಿ ಸುಮಾರು 3.3 ಕೋಟಿ ಟನ್ ಹಿಟ್ಟು, ಟನ್ನಿಗೆ ಒಂದು ಗ್ರಾಂಗಿಂತ ಕಡಿಮೆ ಚಿನ್ನ. ಚಿನ್ನದ ಬೆಲೆ ಏರಿರುವ ಈ ಕಾಲದಲ್ಲಿ ಲೆಕ್ಕ ಕೂಡಿಬರಬಹುದು. ನನಗಂತೂ ಇದು ಬೇಡದ ಕೆಲಸ ಎನಿಸುವುದಿಲ್ಲ. ಅರೆಬರೆ ಬಿಟ್ಟ ಗುಡ್ಡವನ್ನು ತೋಡಿ, ಆಮ್ಲವಾಗುವ ಖನಿಜವನ್ನು ಬೇರೆ ಮಾಡಿ, ಉಳಿದದ್ದನ್ನು ಮಣ್ಣು ಹೊದಿಸಿ ಗಿಡ ಹಚ್ಚಿದರೆ ಊರಿಗೇ ಲಾಭ. ತೋಡಿ, ಚಿನ್ನ ಬಸಿದು, ದೂಳನ್ನು ಹಾಗೇ ಬಿಟ್ಟು ಹೋದರೆ ಮೊದಲಿಗಿಂತ ಕೇಡು. ಗುತ್ತಿಗೆಯ ಕಾಗದದಲ್ಲಿ ಚಿನ್ನದ ಪಾಲಿನಷ್ಟೇ ದಪ್ಪ ಅಕ್ಷರದಲ್ಲಿ ಹೊದಿಕೆಯ ಷರತ್ತೂ ಇರಬೇಕು, ಅದಕ್ಕೆ ಠೇವಣಿಯನ್ನು ಮೊದಲೇ ಇಡಿಸಿಕೊಳ್ಳಬೇಕು.

ಶಿವನಸಮುದ್ರದ ಕೇಂದ್ರ ಈಗಲೂ ಇದೆ, ಸಾಮರ್ಥ್ಯ 42 ಮೆಗಾವ್ಯಾಟ್‌ಗೆ ಬೆಳೆದಿದೆ. ಮಳವಳ್ಳಿ ಕಡೆಯ ಆ ಕಾಲೊನಿಯನ್ನು ಜನ ಇಂದಿಗೂ ‘ಬ್ಲಫ್’ ಎನ್ನುತ್ತಾರೆ. ಗಗನಚುಕ್ಕಿಯನ್ನು ಎದುರಿನಿಂದ ನೋಡಬೇಕಾದರೆ ಅಲ್ಲಿಗೇ ಹೋಗಬೇಕು. ಟರ್ಬೈನಿಗೆ ನೀರು ತಿರುಗಿದ ಬೇಸಿಗೆಯಲ್ಲಿ ಅಲ್ಲಿ ಬರೀ ಬಂಡೆ. ಭರಚುಕ್ಕಿ ಕೊಳ್ಳೇಗಾಲದ ಕಡೆಯದು, ಹತ್ತಿರದಿಂದ ನೋಡಬಹುದು.

ಹೋಗುವುದಾದರೆ ಜುಲೈಯಿಂದ ಅಕ್ಟೋಬರ್ ನಡುವೆ ಹೋಗಿ. ಹೊರಡುವ ಮೊದಲು ಕೊಳ್ಳೇಗಾಲದ ಬಸ್ ನಿಲ್ದಾಣದ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ “ಡ್ಯಾಮಿಂದ ನೀರು ಬುಟ್ಟವ್ರಾ?” ಎಂದು ಕೇಳಿದರೆ ಸಾಕು, ಇಲಾಖೆಯ ಪ್ರಕಟಣೆಗಿಂತ ಮೊದಲೇ ಉತ್ತರ ಸಿಗುತ್ತದೆ. ಕೊಳ್ಳೇಗಾಲದಿಂದ ದಾರಿ 15 ಕಿಲೋಮೀಟರ್ ಆಸುಪಾಸು. ನೀರು ಬಿಟ್ಟಿದ್ದಾರೆ ಎಂದರೆ ಹೊಳೆಗೆ ಇಳಿಯಬೇಡಿ, ದಂಡೆಯಿಂದಲೇ ನೋಡಿ ಬನ್ನಿ.